ಖಾನಾವಳಿಯ ತಾಟು, ರಾಮೆನ್ನಿನ ಬಟ್ಟಲು

ಭಾನುವಾರದ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ವಿಜಯಪುರದ ಬಸ್ ನಿಲ್ದಾಣದ ಆಸುಪಾಸಿನ ಯಾವ ಖಾನಾವಳಿಯ ಹೊಸ್ತಿಲನ್ನು ದಾಟಿದರೂ ಮೊದಲು ಕಿವಿಗೆ ಬೀಳುವುದು ಒಳಮನೆಯಿಂದ ತಾಳಬದ್ಧವಾಗಿ ಬರುವ ರೊಟ್ಟಿ ಬಡಿಯುವ ಸದ್ದು. ಮೂಗಿಗೆ ತಾಕುವುದು ಹುರಿದ ಶೇಂಗಾ, ಬೆಳ್ಳುಳ್ಳಿ ಮತ್ತು ಕಾದ ಹಂಚಿನ ಮೇಲಣ ಜೋಳದ ಹಿಟ್ಟು ಒಂದರೊಳಗೊಂದು ಬೆರೆತ ವಾಸನೆ. ಬಬಲೇಶ್ವರದ ಕಡೆಯಿಂದ ಬಟ್ಟೆಬರೆಯ ಖರೀದಿಗೆಂದೋ ಬೀಗರ ಮನೆಯ ಕಾರ್ಯಕ್ಕೆಂದೋ ಬಂದ ಕುಟುಂಬವೊಂದು, ಮುತ್ಯಾ ಆಯಿಯರಿಂದ ಹಿಡಿದು ಮೊಮ್ಮಕ್ಕಳವರೆಗೆ ಮೂರು ತಲೆಮಾರು, ಉದ್ದನೆಯ ಮೇಜಿನ ಎರಡೂ ಬದಿಗೆ ಒತ್ತೊತ್ತಾಗಿ ಕುಳಿತಿರುತ್ತದೆ.

“ನನಗ ರೊಟ್ಟಿ ಬ್ಯಾಡ ಮುತ್ಯಾ, ರಾಮೆನ್ ಬೇಕು,” ಎನ್ನುತ್ತಾನೆ ಹುಡುಗ.

“ಅದೇನೋ ತಮ್ಮಾ ಅದು?”

“ಜಪಾನದ್ದು. ಬಟ್ಟಲದಾಗ ಶ್ಯಾವಿಗಿ ಇರ್ತಾವ, ಅದರ ಮ್ಯಾಲ ಬಿಸಿ ಸಾರು.”

“ಶ್ಯಾವಿಗಿ ಮನ್ಯಾಗ ಡಬ್ಬಿ ತುಂಬ ಅದಾವಲ್ಲೋ,” ಎನ್ನುತ್ತಾಳೆ ಆಯಿ.

ಇಂಥ ಸಂಭಾಷಣೆ ಇಂದು ನಮ್ಮ ಜಿಲ್ಲೆಯಲ್ಲಿ ಅಪೂರ್ವವಲ್ಲ. ನರುತೊ ಎಂಬ ಜಪಾನೀ ಚಿತ್ರಕಥೆಯ ಬಾಲನಾಯಕನು ಕಂತಿನ ಮೇಲೆ ಕಂತಾಗಿ ರಾಮೆನ್ ತಿನ್ನುವುದನ್ನು ದೂರವಾಣಿಯ ಪರದೆಯಲ್ಲಿ ಕಂಡ ಮಕ್ಕಳು ಅದರ ರುಚಿಯನ್ನು ಮನಸ್ಸಿನಲ್ಲಿಯೇ ಕಲ್ಪಿಸಿಕೊಂಡು ಬೆಳೆಯುತ್ತಿದ್ದಾರೆ. ಆ ಬಯಕೆಯನ್ನು ಗದರಿಸಿ ಸುಮ್ಮನಾಗಿಸುವುದು ಸರಿಯಲ್ಲವೆಂದೇ ನನ್ನ ಎಣಿಕೆ. ಹೊಸದನ್ನು ರುಚಿ ನೋಡಬೇಕೆಂಬ ಹಂಬಲ ಆರೋಗ್ಯದ ಲಕ್ಷಣ. ಆದರೆ ರಾಮೆನ್ ಎಂದರೇನು, ಅದು ಎಲ್ಲಿಂದ ಬಂತು ಎಂಬುದನ್ನು ಚೆನ್ನಾಗಿ ತಿಳಿದುಕೊಂಡವನು, ತನ್ನೆದುರಿನ ತಾಟಿನಲ್ಲಿ ಇರುವುದೇನೆಂಬುದನ್ನೂ ಅದೇ ಕುತೂಹಲದಿಂದ ನೋಡದೆ ಇರಲಾರನು.

ಬಟ್ಟಲಿನೊಳಗೆ ಏನಿದೆ

ಗೋಧಿಹಿಟ್ಟಿನ ಉದ್ದನೆಯ ಎಳೆಗಳನ್ನು ಬೇಯಿಸಿ, ಬಹುಕಾಲ ಕುದಿಸಿದ ಸಾರಿನಲ್ಲಿ ಮುಳುಗಿಸಿ, ಮೇಲೆ ಮಾಂಸದ ತುಂಡು, ಮೊಟ್ಟೆ, ಈರುಳ್ಳಿಯ ಹಸಿರುಸೊಪ್ಪು ಮುಂತಾದುವನ್ನು ಜೋಡಿಸಿ ಕೊಡುವ ಊಟವೇ ರಾಮೆನ್. ಇದು ಮೂಲತಃ ಜಪಾನಿನದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೊಕೊಹಾಮಾ ಮೊದಲಾದ ಬಂದರುಗಳು ಪರದೇಶದ ವ್ಯಾಪಾರಕ್ಕೆ ತೆರೆದುಕೊಂಡಾಗ ಚೀನಾದ ವರ್ತಕರೊಡನೆಯೂ ಕೂಲಿಕಾರರೊಡನೆಯೂ ಬಂದಿಳಿದ ಈ ಊಟಕ್ಕೆ, 1910ರಲ್ಲಿ ಟೋಕಿಯೋದ ಅಸಾಕುಸಾ ಬಡಾವಣೆಯಲ್ಲಿ, ಯೊಕೊಹಾಮಾದಿಂದ ಚೀನೀ ಬಾಣಸಿಗರನ್ನು ಕರೆತಂದು ತೆರೆದ ರಾಯ್‌ರಾಯ್‌ಕೆನ್ ಎಂಬ ಅಂಗಡಿಯು ಜಪಾನೀಯರ ನಡುವೆ ನೆಲೆಯನ್ನು ಕಲ್ಪಿಸಿತು.

ಎರಡನೆಯ ಮಹಾಯುದ್ಧದಲ್ಲಿ ಸೋತ ಜಪಾನಿನಲ್ಲಿ ಅಕ್ಕಿಯ ಅಭಾವವುಂಟಾಗಿ, ಅಮೆರಿಕದ ಗೋಧಿ ಹೇರಳವಾಗಿ ಬಂದಿಳಿಯಿತು. ಹಸಿದ ನಗರಗಳ ಬೀದಿಗಳಲ್ಲಿ ತಳ್ಳುಗಾಡಿಗಳ ಮೇಲೆ ರಾಮೆನ್ ಮಾರಾಟವಾಗುತ್ತಿತ್ತು. ದಿನವಿಡೀ ದುಡಿದು ಬಂದವನಿಗೆ ಒಂದೇ ಬಟ್ಟಲಿನಲ್ಲಿ ಹಿಟ್ಟು, ಕೊಬ್ಬು, ಉಪ್ಪು ಮತ್ತು ಬಿಸಿ ದೊರೆಯುತ್ತಿದ್ದುವು. ತೈವಾನಿನಲ್ಲಿ ಹುಟ್ಟಿ ಜಪಾನಿನಲ್ಲಿ ನೆಲೆಸಿದ ಮೊಮೊಫುಕು ಅಂದೋ ಅವರು 1958ರಲ್ಲಿ, ಬೇಯಿಸಿದ ಎಳೆಗಳನ್ನು ಎಣ್ಣೆಯಲ್ಲಿ ಕರಿದು ಒಣಗಿಸಿ, ಬಿಸಿನೀರು ಹುಯ್ದೊಡನೆ ಮೆತ್ತಗಾಗುವಂತೆ ಮಾಡಿದ ಪೊಟ್ಟಣವನ್ನು ಮಾರುಕಟ್ಟೆಗೆ ತಂದರು. ಇಂದು ನಮ್ಮ ಹಳ್ಳಿಯ ಕಿರಾಣಿ ಅಂಗಡಿಗಳಲ್ಲಿಯೂ ತೂಗುವ ಎರಡು ನಿಮಿಷದ ನೂಡಲ್ಸ್ ಪೊಟ್ಟಣಗಳೆಲ್ಲ ಆ ವಂಶದವೇ.

ಅಂಗಡಿಯ ರಾಮೆನ್ನಿಗೂ ಆ ಪೊಟ್ಟಣಕ್ಕೂ ಬಹಳ ಅಂತರವಿದೆ. ಅಂಗಡಿಯವನು ಹಂದಿಯ ಅಥವಾ ಕೋಳಿಯ ಎಲುಬನ್ನೋ, ಒಣಮೀನನ್ನೋ, ಕೊಂಬು ಎಂಬ ಕಡಲಸೊಪ್ಪನ್ನೋ ತಾಸುಗಟ್ಟಲೆ ಕುದಿಸಿ ಸಾರನ್ನು ಇಳಿಸುತ್ತಾನೆ. ಉಪ್ಪು, ಸೋಯಾ ರಸ ಅಥವಾ ಹುದುಗಿಸಿದ ಸೋಯಾ ಹಿಟ್ಟಾದ ಮಿಸೋ ಇವುಗಳಿಂದ ‘ತಾರೆ’ ಎಂಬ ಗಟ್ಟಿ ಒಗ್ಗರವನ್ನು ಬೇರೆಯಾಗಿ ಸಿದ್ಧಪಡಿಸಿ, ಬಟ್ಟಲಿನ ತಳಕ್ಕೆ ಮೊದಲು ಅದನ್ನು ಹಾಕಿ, ಆಮೇಲೆ ಸಾರನ್ನು ಹುಯ್ಯುತ್ತಾನೆ. ಈ ತಾರೆಯೇ ಅಂಗಡಿಯ ಗುಟ್ಟು. ಊರಿಂದೂರಿಗೆ ಬಟ್ಟಲು ಬದಲಾಗುತ್ತದೆ: ಹಿಮ ಸುರಿಯುವ ಉತ್ತರದ ಸಪ್ಪೋರೋದಲ್ಲಿ ಮಿಸೋ ಬೆರೆತ ಮಂದವಾದ ಸಾರು, ದಕ್ಷಿಣದ ಹಕಾತಾದಲ್ಲಿ ಹಂದಿಯೆಲುಬು ಕುದಿದು ಹಾಲಿನಂತೆ ಬೆಳ್ಳಗಾದ ಸಾರು, ಕಿತಾಕಾತಾದಲ್ಲಿ ಸೋಯಾ ರಸದ ತಿಳಿಸಾರಿನೊಳಗೆ ಚಪ್ಪಟೆಯಾದ ದಪ್ಪ ಎಳೆ. ಹಕಾತಾದಲ್ಲಿ ಎಳೆಗಳು ಮುಗಿದು ಸಾರು ಉಳಿದರೆ ಇನ್ನೊಂದು ಹಿಡಿ ಎಳೆಯನ್ನು ಕೇಳಿ ಹಾಕಿಸಿಕೊಳ್ಳುವ ರೂಢಿಯುಂಟು. ಖಾನಾವಳಿಯಲ್ಲಿ ಪಲ್ಯ ಉಳಿದಾಗ ಇನ್ನೊಂದು ರೊಟ್ಟಿಯನ್ನು ಕರೆಯುವವರಿಗೆ ಇದು ಅಪರಿಚಿತವೆನಿಸದು.

ಮನೆಮಂದಿಯೆಲ್ಲ ಕೂಡಿ ರಾಮೆನ್ ಅಂಗಡಿಗೆ ಹೋದಾಗ ಒಬ್ಬೊಬ್ಬರೂ ಒಂದೊಂದು ಬಗೆಯ ಬಟ್ಟಲನ್ನು ತರಿಸಿಕೊಂಡು, ನಡುವೆ ಹುರಿಗಡುಬುಗಳ ತಟ್ಟೆಯೊಂದನ್ನು ಇಟ್ಟುಕೊಂಡು ಹಂಚಿಕೊಳ್ಳುತ್ತಾರೆ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆ 1997ರಲ್ಲಿ ಸ್ಥಾಪಿತವಾದ ಬಳಿಕ ಜಪಾನೀಯರ ವಾಸ್ತವ್ಯ ಹೆಚ್ಚಿದ ಬೆಂಗಳೂರಿನಲ್ಲಿ ಇಂಥ ಊಟ ದೊರೆಯುತ್ತದೆ. ಅಲ್ಲಿಗೆ ಹೋಗುವ ನಮ್ಮ ಕಡೆಯ ಸಸ್ಯಾಹಾರಿಗಳು ಒಂದು ಮಾತನ್ನು ನೆನಪಿಡಬೇಕು: ಮೇಲೆ ಕಾಣುವುದು ಬರಿಯ ಕಾಯಿಪಲ್ಯವಾದರೂ ಕೆಳಗಿನ ಸಾರು ಎಲುಬಿನದೋ ಮೀನಿನದೋ ಆಗಿರುವುದೇ ಹೆಚ್ಚು, ಆದುದರಿಂದ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ತಿಕೋಟಾದ ದ್ರಾಕ್ಷಿಗೂ ಈ ಎಳೆಗೂ ಒಂದು ನಂಟು

ನಮ್ಮ ಶ್ಯಾವಿಗೆಯೂ ಗೋಧಿಯದೇ. ರಾಮೆನ್ನಿನ ಎಳೆಯೂ ಗೋಧಿಯದೇ. ಹಾಗಿದ್ದೂ ರಾಮೆನ್ನಿನ ಎಳೆ ಬಿಸಿಸಾರಿನಲ್ಲಿ ಮುಳುಗಿದ್ದರೂ ಬೇಗನೆ ಕರಗಿ ಮುದ್ದೆಯಾಗದೆ, ತುಸು ಹಳದಿ ಬಣ್ಣ ತಾಳಿ, ಹಲ್ಲಿಗೆ ಪುಟಿಯುವಂತೆ ಇರುವುದಕ್ಕೆ ಕಾರಣ ಹಿಟ್ಟು ಕಲಸುವ ನೀರಿನಲ್ಲಿ ಬೆರೆಸುವ ಕ್ಷಾರ. ಜಪಾನೀಯರು ಕಾನ್ಸುಯಿ ಎಂದು ಕರೆಯುವ ಈ ಕ್ಷಾರದಲ್ಲಿ ಇರುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಸೋಡಿಯಂ ಕಾರ್ಬೊನೇಟ್ ಎಂಬ ಎರಡು ಲವಣಗಳು; ಇವು ಗೋಧಿಯ ಅಂಟನ್ನು ಬಿಗಿಗೊಳಿಸುತ್ತವೆ.

ಈ ಪೊಟ್ಯಾಸಿಯಂ ಕಾರ್ಬೊನೇಟು ತಿಕೋಟಾ ಸೀಮೆಯ ರೈತರಿಗೆ ಹೊಸ ವಸ್ತುವಲ್ಲ. ದ್ರಾಕ್ಷಿಯನ್ನು ಮಣೂಕವಾಗಿಸಲು ಶೆಡ್ಡುಗಳ ಜಾಳಿಗೆಯ ಮೇಲೆ ಹರಡುವ ಮೊದಲು ಗೊನೆಗಳನ್ನು ಅದ್ದಿ ತೆಗೆಯುವ ದ್ರಾವಣದಲ್ಲಿ, ಡಿಪ್ಪಿಂಗ್ ಆಯಿಲಿನ ಜೊತೆಗೆ, ಬೆರೆಸುವುದು ಇದೇ ಲವಣವನ್ನು. ಹಣ್ಣಿನ ಸಿಪ್ಪೆಯ ಮೇಲಣ ಮೇಣದ ಪದರವನ್ನು ಸಡಿಲಿಸಿ ಒಳಗಿನ ನೀರು ಬೇಗನೆ ಆರುವಂತೆ ಮಾಡುವ ಗುಣ ಅದಕ್ಕಿದೆ. ನಮ್ಮ ಅವ್ವಂದಿರು ಹಪ್ಪಳದ ಹಿಟ್ಟಿಗೆ ಹಪ್ಪಳಖಾರ ಸೇರಿಸುವುದು ಸಹ ಕ್ಷಾರದ ಉಪಯೋಗವನ್ನು ಅರಿತೇ. ಪರದೇಶದ ಪಾಕಶಾಲೆಯ ಗುಟ್ಟೊಂದು ನಮ್ಮ ದ್ರಾಕ್ಷಿಯ ಶೆಡ್ಡಿನಲ್ಲಿಯೇ ಚೀಲ ಕಟ್ಟಿಕೊಂಡು ಕುಳಿತಿದೆಯೆಂಬುದನ್ನು ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಅರಳುವುದರಲ್ಲಿ ಸಂದೇಹವಿಲ್ಲ.

ಅನ್ನ ಮಾರದ ನಾಡಿನಲ್ಲಿ ಖಾನಾವಳಿ

ದಾಸೋಹದ ನೆಲ ಇದು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಈ ಜಿಲ್ಲೆಯಲ್ಲಿಯೇ ಇದೆ. ಮಠದಲ್ಲಿ, ಜಾತ್ರೆಯಲ್ಲಿ, ಮನೆಯ ಪಡಸಾಲೆಯಲ್ಲಿ ಬಂದವರಿಗೆ ಉಣಬಡಿಸುವುದು ಧರ್ಮವೆಂದೂ, ಅನ್ನವನ್ನು ಹಣಕ್ಕೆ ಮಾರುವುದು ಅಷ್ಟು ಶ್ರೇಯಸ್ಕರವಲ್ಲವೆಂದೂ ಬಗೆದ ಸಮಾಜದಲ್ಲಿ ಊಟದ ಅಂಗಡಿ ಹುಟ್ಟಬೇಕಾದರೆ ಬಲವಾದ ನಿಮಿತ್ತವೇ ಬೇಕಾಗಿತ್ತು. ಕಚೇರಿ, ಶಾಲೆ, ಕೋರ್ಟು, ಸಂತೆಗಳು ಮನೆ ಬಿಟ್ಟ ಗಂಡಸರನ್ನು ಪಟ್ಟಣಕ್ಕೆ ಎಳೆತಂದುವು. ಅವರಿಗೆ ಬೇಕಾದುದು ಮನೆಯ ಊಟ, ತಿಂಗಳ ಲೆಕ್ಕದ ಊಟ. ಹೀಗೆ ಬೆಳೆದದ್ದು ಖಾನಾವಳಿ.

1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತಾದುದರಿಂದ, ಆ ಹೆಸರೂ ಪದ್ಧತಿಯೂ ಮಹಾರಾಷ್ಟ್ರದೊಡನೆ ನಮಗೆ ಸಮಾನವಾದುವು. ಮುಂಬಯಿಯ ಗಿರಣಿ ಕಾರ್ಮಿಕರಿಗೆ ತಮ್ಮ ಚಾಳಿನ ಕೋಣೆಯಲ್ಲಿಯೇ ಅಡುಗೆ ಮಾಡಿ ಬಡಿಸುತ್ತಿದ್ದ ಖಾನಾವಳಿಯ ಹೆಂಗಸರನ್ನು ಸಂಘಟಿಸಿ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಸಾಲ ಕೊಟ್ಟವರ ಬಡ್ಡಿಯಿಂದ ಅವರನ್ನು ಬಿಡಿಸಿ ಬ್ಯಾಂಕಿನ ಬಾಗಿಲಿಗೆ ಕರೆದೊಯ್ದರು. ಟೋಕಿಯೋದ ತಳ್ಳುಗಾಡಿಯೂ ಮುಂಬಯಿಯ ಚಾಳೂ ವಿಜಯಪುರದ ಓಣಿಯೂ ಈ ಒಂದು ವಿಷಯದಲ್ಲಿ ಒಂದೇ: ಇಂದು ಕುಟುಂಬ ಸಮೇತರಾಗಿ ನಾವು ಸವಿಯಲು ಹೋಗುವ ಊಟವನ್ನು ಮೊದಲು ರೂಪಿಸಿದ್ದು ಮನೆಯಿಂದ ದೂರವಿದ್ದು ದುಡಿಯುವವನ ಹಸಿವು.

ನಮ್ಮಲ್ಲಿ ಎರಡು ಬಗೆಯವುಂಟು: ಹೆಚ್ಚಾಗಿ ಬಸವೇಶ್ವರ, ಸಿದ್ಧೇಶ್ವರರ ಹೆಸರನ್ನು ಹೊತ್ತ ಶುದ್ಧ ಸಸ್ಯಾಹಾರದ ಲಿಂಗಾಯತ ಖಾನಾವಳಿ, ಮತ್ತು ಮಾಂಸದೂಟಕ್ಕೆ ಹೆಸರಾದ ಸಾವಜಿ ಖಾನಾವಳಿ. ಈ ಬರೆಹದಲ್ಲಿ ನಾನು ಮೊದಲನೆಯದರ ತಾಟನ್ನಷ್ಟೇ ನೋಡುತ್ತೇನೆ.

ಹೊಲವೇ ತಾಟಿಗೆ ಇಳಿದ ಬಗೆ

ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ, ಸಾರವಾಡದ ಬದಿಯಲ್ಲಿ ಹಾದು, ತಾಳಿಕೋಟೆಯ ಕಡೆಗೆ ಸಾಗಿ ಕೃಷ್ಣೆಯನ್ನು ಕೂಡುವ ಡೋಣಿ ನದಿಯ ನೀರು ಉಪ್ಪು. ಆದರೆ ಅದರ ದಂಡೆಯ ಎರೆಮಣ್ಣು ಬಂಗಾರ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಬೀಳುವ ಈ ಸೀಮೆಯಲ್ಲಿ ಆಳವಾದ ಎರೆಭೂಮಿ ಮುಂಗಾರಿನ ನೀರನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳಕ್ಕೆ ಚಳಿಗಾಲವೆಲ್ಲ ಸ್ವಲ್ಪಸ್ವಲ್ಪವಾಗಿ ಉಣಿಸುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ, ಬರಿಯ ನೆಲದ ತೇವ ಮತ್ತು ಇಬ್ಬನಿಯ ಬಲದ ಮೇಲೆ ಬೆಳೆದು ನಿಲ್ಲುವ ಈ ಪೈರನ್ನು ನೋಡಿದಾಗಲೆಲ್ಲ ನನಗೆ ಭಕ್ತಿಯಂಥ ಭಾವನೆಯೊಂದು ಉಂಟಾಗುತ್ತದೆ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ತೆಗೆದ, ಎಂ 35-1 ಎಂಬ ಸಂಖ್ಯೆಯ ಮಾಲದಂಡಿ ಜೋಳ ಇಂದಿಗೂ ಇಲ್ಲಿಯ ರೈತರ ಅಕ್ಕರೆಯ ತಳಿ. ಅದರ ಮುತ್ತಿನಂಥ ಬಿಳಿಕಾಳಿನ ರೊಟ್ಟಿಗೆ ಒಂದು ಸಹಜವಾದ ಸಿಹಿಯಿದೆ. ಅದರ ಕಣಿಕೆಯನ್ನು ಎತ್ತುಗಳೂ ಬಯಸುತ್ತವೆ.

ಹಿಂದಿನವರು ಹೊಲದಲ್ಲಿ ಜೋಳವೊಂದನ್ನೇ ಬಿತ್ತುತ್ತಿರಲಿಲ್ಲ. ಜೋಳದ ಸಾಲುಗಳ ನಡುನಡುವೆ ಅಕ್ಕಡಿಯಾಗಿ ಕಡಲೆ, ಅಗಸೆ, ಕುಸುಬೆಗಳನ್ನು ಹಾಕುತ್ತಿದ್ದರು. ಮುಳ್ಳುಳ್ಳ ಕುಸುಬೆಯನ್ನು ಹೊಲದ ಅಂಚಿನಲ್ಲಿ ಬಿತ್ತಿದರೆ ದನಗಳು ಒಳನುಗ್ಗುತ್ತಿರಲಿಲ್ಲ. ಈಗ ಖಾನಾವಳಿಯ ತಾಟನ್ನು ನೋಡಿರಿ. ನಡುವೆ ಜೋಳದ ರೊಟ್ಟಿ. ಪಕ್ಕದಲ್ಲಿ ಕಡಲೆಹಿಟ್ಟಿನ ಝುಣಕ. ಅಂಚಿನಲ್ಲಿ ಅಗಸೆಯ ಹಿಂಡಿ, ಗುರೆಳ್ಳಿನ ಹಿಂಡಿ, ಶೇಂಗಾ ಹಿಂಡಿ. ಹಿಂದೆ ಇವುಗಳ ಮೇಲೆ ಬೀಳುತ್ತಿದ್ದ ಎಣ್ಣೆ ಕುಸುಬೆಯದೇ. ಮಡಕೆಕಾಳು, ಹೆಸರುಕಾಳುಗಳ ಪಲ್ಯ ಮುಂಗಾರಿನ ಹೊಲದ್ದು. ಜೋಳದಲ್ಲಿ ಕೊರತೆಯಾದ ಸತ್ತ್ವವನ್ನು ಕಾಳು ತುಂಬಿಕೊಡುತ್ತದೆ, ಎಣ್ಣೆಕಾಳು ಒಣರೊಟ್ಟಿಗೆ ಜಿಡ್ಡನ್ನು ಕೊಡುತ್ತದೆ. ಈ ತಾಟನ್ನು ಮೊದಲು ಜೋಡಿಸಿದ್ದು ಅಕ್ಕಡಿಯ ಸಾಲು. ಅಡುಗೆಯವರು ಅದನ್ನು ಅನುಸರಿಸಿದರು.

ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಬೆಳ್ಳುಳ್ಳಿ ಮತ್ತು ಮಸಾಲೆಖಾರವನ್ನು ತುಂಬಿ ಬೇಯಿಸಿದ ಎಣ್ಣೆಗಾಯಿ, ಪುಂಡಿಯ ಹುಳಿಸೊಪ್ಪಿಗೆ ಜೋಳದ ನುಚ್ಚನ್ನು ಕೂಡಿಸಿ ಬೇಯಿಸಿದ ಪುಂಡಿಪಲ್ಯ, ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ನಿಂಬೆರಸಗಳೊಡನೆ ಅರೆದ ರಂಜಕ, ಹಸಿಯಾಗಿಯೇ ತಿನ್ನುವ ಹಕ್ಕರಕಿ, ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ, ಗಟ್ಟಿ ಮೊಸರು. ಜಪಾನೀ ಬಾಣಸಿಗನ ತಾರೆಗೆ ಸಮನಾದುದು ನಮ್ಮಲ್ಲಿ ಬೇಸಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಡುವ ಮಸಾಲೆಖಾರ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ, ಮಿಕ್ಕುದು ಮನೆಮನೆಯ ಗುಟ್ಟು. ಎರಡು ಖಾನಾವಳಿಗಳ ಎಣ್ಣೆಗಾಯಿ ಒಂದೇ ರುಚಿ ಇರದಿರುವುದಕ್ಕೆ ಇದೇ ಕಾರಣ.

ರೊಟ್ಟಿ ಬಡಿಯುವ ಕೈ

ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಆದುದರಿಂದ ಜೋಳದ ಹಿಟ್ಟನ್ನು ಎಳೆಯಾಗಿ ಎಳೆಯಲೂ ಬಾರದು, ಲಟ್ಟಣಿಗೆಯಿಂದ ಸುಲಭವಾಗಿ ಲಟ್ಟಿಸಲೂ ಬಾರದು. ಕುದಿನೀರು ಹುಯ್ದು ಹಿಟ್ಟಿನ ಒಂದಂಶವನ್ನು ಬೇಯಿಸಿ ಜಿಗುಟು ತರಿಸಿ, ಅಂಗೈಯ ಬುಡದಿಂದ ನಾದಿ, ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಬೆರಳುಗಳಿಂದ ತಿರುಗಿಸುತ್ತ ಬಡಿದು ತೆಳುವಾಗಿಸಬೇಕು. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಿ, ಆ ನೀರು ಆರುವ ಹದ ನೋಡಿ ಮಗುಚಬೇಕು. ಕ್ಷಣ ತಪ್ಪಿದರೆ ಬಿರುಕು. ಹದವಾದರೆ ರೊಟ್ಟಿ ಉಬ್ಬಿ ಎರಡು ಪದರವಾಗುತ್ತದೆ.

ಒಲೆಯ ಝಳದ ಮುಂದೆ ಮುಂಜಾನೆಯಿಂದ ಸಂಜೆಯವರೆಗೆ ಈ ಕೆಲಸವನ್ನು ಮಾಡುವವರು ಬಹುತೇಕ ಹೆಂಗಸರು. ರಾಮೆನ್ ಬಾಣಸಿಗನು ಗಿರಾಕಿಯ ಕಣ್ಣೆದುರಿನ ಕಟ್ಟೆಯಲ್ಲಿ ನಿಂತು ಎಳೆಯನ್ನು ಬಸಿಯುತ್ತಾನೆ. ಅವನಿಗೆ ಗುರು, ಶಿಷ್ಯ, ಕೀರ್ತಿ ಎಲ್ಲ ಉಂಟು. ಅವನದಕ್ಕಿಂತ ಯಾವ ವಿಧದಲ್ಲಿಯೂ ಕಡಿಮೆಯಲ್ಲದ ಕುಶಲತೆಯುಳ್ಳ ನಮ್ಮ ರೊಟ್ಟಿಯವ್ವ ಒಳಮನೆಯ ಹೊಗೆಯಲ್ಲಿ ಇರುತ್ತಾಳೆ; ಉಂಡವರಿಗೆ ಅವಳ ಮುಖವೇ ಗೊತ್ತಿರುವುದಿಲ್ಲ. ಇದು ನಮ್ಮ ಖಾನಾವಳಿಗಳ ದೊಡ್ಡ ಕೊರತೆಯೆಂದು ನಾನು ತಿಳಿಯುತ್ತೇನೆ. ಸೀಮೆಯ ಹೆಸರನ್ನು ಉಳಿಸಿರುವ ಕೈಗೆ ಕೂಲಿಯೂ ಗೌರವವೂ ಅದಕ್ಕೆ ತಕ್ಕಷ್ಟು ಸಲ್ಲಬೇಕು.

ಋತುವಿಗೊಂದು ರುಚಿ

ಮಕ್ಕಳೊಡನೆ ಖಾನಾವಳಿಗೆ ಹೋದಾಗ ಎಲ್ಲರಿಗೂ ಒಂದೇ ಊಟ ಹೇಳಿ ಉಂಡು ಎದ್ದುಬಿಡುವುದು ನಮ್ಮ ರೂಢಿ. ಅದರ ಬದಲು ಇಂದಿನ ವಿಶೇಷವೇನೆಂದು ಕೇಳಿ, ಒಬ್ಬರು ಬಿಸಿರೊಟ್ಟಿ, ಒಬ್ಬರು ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಒಬ್ಬರು ಕಡಕ್ ರೊಟ್ಟಿ ತೆಗೆದುಕೊಂಡು ಮುರಿದು ಹಂಚಿಕೊಂಡರೆ, ಮೂರು ರೊಟ್ಟಿಗೂ ಬೇರೆಬೇರೆ ಪಲ್ಯ ಒಗ್ಗುವುದು ತಾನಾಗಿಯೇ ತಿಳಿಯುತ್ತದೆ. ಖಾರ ತಾಳದ ಎಳೆಯರಿಗೆ ಮೊಸರು ಮತ್ತು ಶೇಂಗಾ ಹಿಂಡಿಯಿಂದ ಆರಂಭಿಸಬಹುದು.

ಕಾಲವನ್ನು ನೋಡಿ ಹೋದರೆ ಇನ್ನೂ ಲೇಸು. ಚಳಿಗಾಲದಲ್ಲಿ ಕಡಲೆಯ ಎಳೆಗುಡಿಯ ಪಲ್ಯ ಸಿಗುತ್ತದೆ. ಆ ಎಲೆಯ ಮೇಲೆ ಸಹಜವಾಗಿ ಒಸರುವ ಹುಳಿಯೇ ಅದರ ರುಚಿ. ಎಳ್ಳಮವಾಸ್ಯೆಯಂದು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಕಡುಬು, ಭಜ್ಜಿ, ಹೋಳಿಗೆಗಳನ್ನು ಬಂಧುಬಳಗದೊಡನೆ ಉಣ್ಣುತ್ತವೆ. ನೋಡಿದರೆ ಬಗೆಬಗೆಯ ಅಡುಗೆಯನ್ನು ಕೂಡಿ ಸವಿಯುವ ನಮ್ಮ ಅತಿ ದೊಡ್ಡ ಪಂಕ್ತಿ ಅದೇ. ಜೋಳದ ತೆನೆ ಹಾಲುಗಾಳಾದಾಗ ಬೆಂಕಿಯಲ್ಲಿ ಸುಟ್ಟು ಉಜ್ಜಿದ ಸೀತನಿಯನ್ನು ತಿಂದ ಮಗು ಅದನ್ನು ಮರೆಯುವುದಿಲ್ಲ.

ಉಳಿಯಬೇಕಾದರೆ

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಜೋಳದ ಗುಣಗಾನ ಎಲ್ಲೆಡೆ ನಡೆಯಿತು. ಆದರೆ ಕಾಲುವೆಯ ನೀರು ಬಂದ ಕಡೆಗಳಲ್ಲಿ ಕಬ್ಬು, ಕೊಳವೆಬಾವಿಯ ನೀರು ನಿಂತ ಕಡೆಗಳಲ್ಲಿ ದ್ರಾಕ್ಷಿ, ಮಿಕ್ಕ ಕಡೆ ತೊಗರಿ ಹಬ್ಬಿ, ಅಕ್ಕಡಿಯ ಸಾಲುಗಳು ಅಪರೂಪವಾಗುತ್ತಿವೆ. ರೈತನನ್ನು ದೂರಿ ಫಲವಿಲ್ಲ. ಹೆಚ್ಚು ದುಡ್ಡು ತರುವ ಬೆಳೆಯನ್ನು ಅವನು ಬೆಳೆದಾನು. ಜೋಳಕ್ಕೂ ಅಗಸೆಗೂ ಕುಸುಬೆಗೂ ಬೆಲೆ ಬರಬೇಕಾದರೆ ಅವನ್ನು ಉಣ್ಣುವವರು ಇರಬೇಕು, ಮತ್ತು ಅವುಗಳ ಹೆಸರು ಹೇಳಿ ಕೇಳುವವರು ಇರಬೇಕು.

ಜಪಾನು ಈ ಪಾಠವನ್ನು ಚೆನ್ನಾಗಿ ಅರಿತಿದೆ. ಶಿನ್-ಯೊಕೊಹಾಮಾದಲ್ಲಿ 1994ರಲ್ಲಿ ರಾಮೆನ್ನಿಗಾಗಿಯೇ ವಸ್ತುಸಂಗ್ರಹಾಲಯವೊಂದು ತೆರೆಯಿತು. ಊರೂರಿನ ಬಟ್ಟಲುಗಳನ್ನು ಒಂದೇ ಮಾಡಿನ ಕೆಳಗೆ ಉಂಡು ನೋಡಲು ಮನೆಮಂದಿ ಅಲ್ಲಿಗೆ ಹೋಗುತ್ತಾರೆ. ನಮಗೆ ಸಂಗ್ರಹಾಲಯವಾಗುವವರೆಗೆ ಕಾಯಬೇಕಾಗಿಲ್ಲ. ಖಾನಾವಳಿಯ ಯಜಮಾನರಲ್ಲಿ ನನ್ನ ಬಿನ್ನಹವಿಷ್ಟೆ: ಬಾಗಿಲ ಬಳಿಯ ಹಲಗೆಯ ಮೇಲೆ ದರದ ಜೊತೆಗೆ ಇಂದಿನ ಜೋಳ ಯಾವ ಊರಿನದು, ಪಲ್ಯ ಯಾವ ಕಾಳಿನದು, ರೊಟ್ಟಿ ಬಡಿದವರು ಯಾರು ಎಂಬುದನ್ನೂ ಬರೆಯಿರಿ. ಉಣ್ಣುವವರಲ್ಲಿ ಬಿನ್ನಹ: ಮಕ್ಕಳನ್ನು ಕರೆದೊಯ್ಯಿರಿ, ಆ ಹಲಗೆಯನ್ನು ಅವರಿಂದಲೇ ಓದಿಸಿರಿ. ಮುಂದೊಂದು ದಿನ ಬೆಂಗಳೂರಿನಲ್ಲೋ ಟೋಕಿಯೋದಲ್ಲೋ ಅವರು ರಾಮೆನ್ ಬಟ್ಟಲಿನೆದುರು ಕುಳಿತಾಗ, ತಮ್ಮ ಊರಿನ ಊಟ ಎಂಥದೆಂದು ಪಕ್ಕದವರು ಕೇಳಿದರೆ ವಿವರವಾಗಿ ಹೇಳಬಲ್ಲವರಾಗಲಿ.